ಬಾಳಾಸಾಹೇಬನ ನಾಲ್ಕು ಗುಂಡು

ಬಾಳಾಸಾಹೇಬ ಹಂಚಿನಮನಿ ಸುಳ್ಳುಗಾರನಲ್ಲ. ಆದರೆ ಅಜ್ಜನ ಮಾತು ಬಂತೆಂದರೆ ನಿಜಕ್ಕೆ ತುಸು ಗಾಳಿ ತುಂಬುತ್ತಿದ್ದ. ಅವನ ಅಜ್ಜ ಬೆಳಗಾವಿಯ ಫೌಂಡ್ರಿಯೊಂದರಲ್ಲಿ ನೀರೆತ್ತುವ ಪಂಪಿನ ಹೊಟ್ಟೆಗಳನ್ನು ಎರಕ ಹೊಯ್ದುಕೊಂಡು ಬದುಕಿದವನು. ಅದೇ ಫೌಂಡ್ರಿಯಲ್ಲಿ ಕೆಲಸ ಕಲಿತ ಮೊಮ್ಮಗ ಕುವೈತಿಗೆ ಬಂದ ಮೂವತ್ತೊಂದು ವರ್ಷಗಳಲ್ಲಿ ಆ ಅಜ್ಜ ಸತ್ತ ಮೇಲೂ ಬಡ್ತಿ ಪಡೆಯುತ್ತ ಹೋದ. ಮೊದಲು ಮೇಸ್ತ್ರಿಯಾದ, ಆಮೇಲೆ ಫೌಂಡ್ರಿಯ ಪಾಲುದಾರನಾದ, ಕೊನೆಗೆ ಮಹಾರಾಜರ ಬೇಟೆ ಬಂದೂಕಿಗೆ ಸೀಸದ ಗುಂಡು ಎರೆದುಕೊಡುವ ಆಸ್ಥಾನದ ಕುಶಲಿಯಾದ. ಈ ಕೊನೆಯ ಬಡ್ತಿಯನ್ನು ಬಾಳಾಸಾಹೇಬ ದಯಪಾಲಿಸಿದ್ದು ಒಂದು ದಿನ ಚಹಾದ ಹೊತ್ತಿನಲ್ಲಿ, ತನಗೆ ವೀಸಾ ಕೊಡಿಸಿದ ಧಣಿ, ಅಂದರೆ ಕಫೀಲ್, ಅಬೂ ಸಾಲೆಂ ಅವರ ಎದುರಿಗೆ. ಯಡವಟ್ಟಾದದ್ದು ಅಲ್ಲಿ.

ಅಬೂ ಸಾಲೆಂ ಅವರಿಗೆ ಎಂಬತ್ತಾರು ವರ್ಷ. ಅಹ್ಮದಿಯ ಹತ್ತಿರ ಪಂಪು ರಿಪೇರಿ ಮಾಡುವ ಅವರ ವರ್ಕ್‌ಶಾಪಿನಲ್ಲೇ ಬಾಳಾಸಾಹೇಬ ಇಷ್ಟು ವರ್ಷ ದುಡಿದದ್ದು. ಹರೆಯದಲ್ಲಿ ಅವರು ಮುಂಬಯಿಗೆ ಓಡಾಡಿದವರು. ಅಲ್ಲಿ ಕಲಿತ ಹಿಂದಿ ನಾಲಿಗೆಯ ಮೇಲೆ ಇನ್ನೂ ಇತ್ತು. ಇಬ್ಬರ ಮಾತುಕತೆಯೆಲ್ಲ ಆ ಹಿಂದಿಯಲ್ಲೇ. ಈಗ ವ್ಯವಹಾರವೆಲ್ಲ ಮಗ ಸಾಲೆಂನದು. ಆದರೂ ಮುದುಕರು ದಿನಾ ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ಬಂದು, ಒಂದು ಲೋಟ ಚಹಾ ಕುಡಿದು, ಬೈಯಲು ಬೇರೆ ಯಾರೂ ಸಿಗದಿದ್ದರೆ ಬಾಳಾಸಾಹೇಬನನ್ನು ಬೈದು ಹೋಗುತ್ತಿದ್ದರು.

ಅಜ್ಜನಿಗೆ ಬಡ್ತಿ ಸಿಕ್ಕ ಮರುದಿನ ಅವರು ಬೈಯಲಿಲ್ಲ. ಮಡಿಲಲ್ಲಿದ್ದ ಎಣ್ಣೆಬಟ್ಟೆಯ ಗಂಟು ಬಿಚ್ಚಿ ನಾಲ್ಕು ಖಾಲಿ ಹಿತ್ತಾಳೆಯ ತೋಟಾ ಕೊಳವೆಗಳನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸಿದರು. ಒಂದೊಂದೂ ಹೆಬ್ಬೆರಳಿನ ಗಾತ್ರ.

"ಬಾಲಾ, ಇದಕ್ಕೆ ಗುಂಡು ಬೇಕು. ನಿನ್ನ ಅಜ್ಜ ಮಾಡುತ್ತಿದ್ದನಂತಲ್ಲ, ನೀನು ಮಾಡಿಕೊಡು" ಅಂದರು.

ಬಂದೂಕು ಅವರ ತಂದೆಯದು. ಮಾರ್ಟಿನಿ ಅಂತ ಹಳೇ ಕಾಲದ್ದು, ದಪ್ಪ ನಳಿಗೆ, ಒಮ್ಮೆಗೆ ಒಂದೇ ಗುಂಡು. ಚಳಿಗಾಲದಲ್ಲಿ ತಂದೆ ಮರುಭೂಮಿಗೆ ಬೇಟೆಗೆ ಹೋದರೆ ಮನೆಯಲ್ಲಿ ತಾಯಿ, ಮಗ ಇಬ್ಬರೇ. ತಾಯಿ ಒಮ್ಮೆ ಅಗುಳಿ ಹಾಕಿದರೆ ಯಾರು ಬಡಿದರೂ ಬಾಗಿಲು ತೆಗೆಯುತ್ತಿರಲಿಲ್ಲ. ತಂದೆ ವಾಪಸು ಬರುವಾಗ ಊರಗೋಡೆಯ ಆಚೆ ನಿಂತು ಗಾಳಿಗೆ ಒಂದು ಗುಂಡು ಹಾರಿಸುತ್ತಿದ್ದರು. ಆ ಬಂದೂಕಿನ ಸದ್ದೇ ಬೇರೆ. ಅದು ಕಿವಿಗೆ ಬಿದ್ದರೆ ಮಾತ್ರ ತಾಯಿ ಎದ್ದು ಅಗುಳಿ ಸರಿಸುವುದು. ಅಬೂ ಸಾಲೆಂ ಏಳು ವರ್ಷದವರಿದ್ದಾಗ ಒಂದು ಚಳಿಗಾಲ ಸದ್ದು ಬರಲಿಲ್ಲ. ಬಂದೂಕನ್ನು ಜೊತೆಗಾರರು ತಂದುಕೊಟ್ಟರು. ತಂದೆ ಜ್ವರ ಬಂದು ಮರಳಿನಲ್ಲೇ ಉಳಿದಿದ್ದರು.

"ಎಪ್ಪತ್ತೊಂಬತ್ತು ವರ್ಷದಿಂದ ಕಿವಿಗೊಟ್ಟುಕೊಂಡೇ ಇದ್ದೇನೆ," ಅಂದರು ಮುದುಕರು. "ಹೋಗುವ ಮೊದಲು ಒಂದು ಸಲ ಕೇಳಬೇಕು. ಮಕ್ಕಳಿಗೆ ಈ ಕಥೆ ಹೇಳಿಲ್ಲ. ಹೇಳಿದರೆ ತಲೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ."

ಮಗ ಸಾಲೆಂ ಇದನ್ನು ಅಪ್ಪನ ಮುಪ್ಪಿನ ಹುಚ್ಚು ಎಂದುಕೊಂಡೇ ಬಂದೂಕಿನ ಲೈಸೆನ್ಸ್ ಸರಿಮಾಡಿಸಿ, ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಅದನ್ನು ಹಾರಿಸಲು ಅನುಮತಿಯನ್ನೂ ತಂದಿದ್ದ. ಮದ್ದು ತುಂಬಿ ತೋಟಾ ಕಟ್ಟಿಕೊಡಲು ಕ್ಲಬ್ಬಿನ ಬಂದೂಕು ಮೇಸ್ತ್ರಿ ಒಪ್ಪಿದ್ದ. ಆದರೆ ಆ ಅಳತೆಯ ಗುಂಡು ಈಗ ಅಲ್ಲಿ ಯಾವ ಅಂಗಡಿಯಲ್ಲೂ ಇಲ್ಲ. ಅದನ್ನು ಎರೆಯಲೇಬೇಕು. ಬಾಳಾಸಾಹೇಬ ಆಗಲೇ ಅಜ್ಜನನ್ನು ಪಂಪಿನ ಹೊಟ್ಟೆಗೆ ವಾಪಸು ಕಳಿಸಿಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಮುದುಕರು ನಾಲ್ಕೂ ಕೊಳವೆಗಳನ್ನು ಒಂದೊಂದಾಗಿ ಅವನ ಕಡೆಗೆ ಸರಿಸಿದರು. ಅವನು "ಆಗಲಿ ಬಾಬಾ" ಅಂದುಬಿಟ್ಟ.

ವರ್ಕ್‌ಶಾಪಿನ ಲೇಥಿನಲ್ಲಿ ಕಬ್ಬಿಣದ ಜೋಡಿ ಅಚ್ಚು ಕಡೆದ. ಟೈರ್ ಅಂಗಡಿಯಿಂದ ಚಕ್ರದ ತೂಕ ಸರಿದೂಗಿಸಲು ಹಾಕುವ ಹಳೇ ಸೀಸ ತಂದ. ಫಹಾಹೀಲಿನ ಮೂರನೇ ಮಹಡಿಯ ತನ್ನ ಫ್ಲಾಟಿನ ಅಡುಗೆಮನೆಯಲ್ಲಿ, ಹೆಂಡತಿ ಅನ್ನಪೂರ್ಣೆವ್ವನ ಗ್ಯಾಸ್ ಒಲೆಯ ಮೇಲೆ ಮೂಸೆ ಇಟ್ಟು ಮೊದಲ ಎರಕ ಹೊಯ್ದ. ಗುಂಡುಗಳು ಥಳಥಳ ಹೊಳೆದವು. ಆದರೆ ಕ್ಲಬ್ಬಿನ ಮೇಸ್ತ್ರಿ ಅವನ್ನು ಕೈಯಲ್ಲಿ ಹಿಡಿದು ನೋಡಿ, ಬಂದೂಕಿಗೋ ಫಿರಂಗಿಗೋ ಎಂದು ಕೇಳಿದ. ಒಂದೂ ಕೊಳವೆಯ ಬಾಯಿಗೆ ಇಳಿಯಲಿಲ್ಲ. ಫೌಂಡ್ರಿಯವರ ಕೈ ಎಂದರೆ ಹಾಗೆಯೇ. ಎರಕ ತಣ್ಣಗಾದರೆ ಕುಗ್ಗುತ್ತದೆ, ಆಮೇಲೆ ಉಜ್ಜುವಾಗ ಸವೆಯುತ್ತದೆ ಎಂದು ಏನು ಮಾಡಿದರೂ ಎರಡು ಕೂದಲಿನಷ್ಟು ಹೆಚ್ಚೇ ಇಟ್ಟಿರುತ್ತಾರೆ. ಪಂಪಿನ ಹೊಟ್ಟೆಗೆ ಅದು ಸರಿ.

ಅನ್ನಪೂರ್ಣೆವ್ವನಿಗೆ ಅಳತೆಯ ಮಾತು ಹಿಡಿಸಲಿಲ್ಲ. "ಪೂಜಿ ಮಾಡಲಾರದ ಮೂಸಿ ಒಲಿ ಮ್ಯಾಲ ಇಟ್ರ ಇನ್ನೇನ ಆಕ್ಕೈತಿ? ನಿಮ್ಮ ಅಜ್ಜ ಅರಿಶಿಣ ಕುಂಕುಮ ಹಚ್ಚಲಾರದ ಒಂದರ ಭಟ್ಟಿ ಹಚ್ಚಿದ್ರೇನ್ರಿ?" ಅಂದಳು.

ಬಾಳಾಸಾಹೇಬ ಮುಂದಿನ ಶುಕ್ರವಾರ ಬೆಳಿಗ್ಗೆ ಅಚ್ಚನ್ನು ತಿದ್ದಿಕೊಂಡು, ಮೂಸೆಗೆ ಅರಿಶಿನ ಕುಂಕುಮ ಬಳಿದು, ಒಲೆಯ ಎರಡೂ ಕಡೆ ನಿಂಬೆಹಣ್ಣು ಹೆಚ್ಚಿಟ್ಟು, ಮೇಲೆ ಮೆಣಸಿನಕಾಯಿ ತೂಗುಹಾಕಿ, ಹೊಗೆ ಹೋಗಲೆಂದು ಮುಂಬಾಗಿಲು ತೆರೆದಿಟ್ಟು ಕೂತ. ಎದುರು ಫ್ಲಾಟಿನ ಖತೀಜಮ್ಮ ಒಳಗೆ ಬಂದದ್ದು ಆಗ. ಉಳ್ಳಾಲದ ಬ್ಯಾರಿ ಮುದುಕಿ, ಮಗ ಸೊಸೆಯ ಜೊತೆ ಇರುವವರು. ಎರಡು ದಿನದಿಂದ ಬಿಕ್ಕಳಿಕೆ ಹತ್ತಿತ್ತು; ಓಮದಕಾಳು ಇದೆಯೇ ಎಂದು ಕೇಳಲು ಬಂದಿದ್ದರು.

ಅದೇ ಗಳಿಗೆಗೆ ಅನ್ನಪೂರ್ಣೆವ್ವ ಆಗಷ್ಟೇ ತೊಳೆದ ಸೌಟನ್ನು ಗಂಡನ ಕೈಗೆ ಕೊಟ್ಟಳು. ಅವನು ನೋಡದೆ ಸೀಸಕ್ಕೆ ಅದ್ದಿದ. ಕಾದ ಲೋಹಕ್ಕೂ ನೀರಿಗೂ ಆಗಿಬರುವುದಿಲ್ಲ. ಫೌಂಡ್ರಿ ಸೇರಿದವನಿಗೆ ಕಲಿಸುವ ಮೊದಲ ಪಾಠವೇ ಅದು. ಢಮ್ ಎಂದು ಸದ್ದಾಗಿ ನಾಲ್ಕು ಹನಿ ಸೀಸ ಸೂರಿಗೆ ಹಾರಿ ಅಂಟಿಕೊಂಡಿತು. ಖತೀಜಮ್ಮ ಗೋಡೆಗೆ ಒರಗಿದರು.

"ನಿಂತಿತು" ಅಂದರು ಖತೀಜಮ್ಮ.

"ಏನ್ ನಿಂತ್ರೀ?" ಅಂದ ಬಾಳಾಸಾಹೇಬ.

"ಬಿಕ್ಕಳಿಕೆ. ಎರಡು ದಿನದಿಂದ ಒಂದೇ ಸಮ ಇತ್ತು ಮಾರಾಯ್ರೆ, ಈಗ ನಿಂತೇ ಹೋಯ್ತು." ಅವರು ನಿಂಬೆಹಣ್ಣು, ಮೆಣಸಿನಕಾಯಿ, ಕುಂಕುಮ ಎಲ್ಲವನ್ನೂ ಒಂದೊಂದಾಗಿ ನೋಡಿದರು. "ಇಲ್ಲಿಯ ಅರಬಿ ಹೆಂಗಸರು ದೃಷ್ಟಿ ತಾಗಿದ್ರೆ ಹೀಗೇ ಸೀಸ ಹೊಯ್ಸುದು. ಕಾದ ಸೀಸ ನೀರಿಗೆ ಹೊಯ್ದ್ರೆ ದೃಷ್ಟಿ ಒಡೀತದಂತೆ. ನಿಮಗೆ ಈ ವಿದ್ಯೆ ಉಂಟು ಅಂತ ಹೇಳ್ಲೇ ಇಲ್ಲ ನೀವು."

"ಇದು ದೃಷ್ಟಿದಲ್ರೀ ಖತೀಜಮ್ಮಾರ, ಇದು ಬಂ..." ಎನ್ನುವಷ್ಟರಲ್ಲಿ ಅನ್ನಪೂರ್ಣೆವ್ವ ಅವನ ಕಾಲು ತುಳಿದಳು.

ಮುದುಕಿ ಹೋದ ಮೇಲೆ ಅವಳು ಹೇಳಿದಳು: "ಬಂದೂಕು ಅಂತ ಬಾಯಿ ಬಿಟ್ರ ಇಡೀ ಬಿಲ್ಡಿಂಗು ಹೆದರಿ ಪೊಲೀಸರನ್ನ ಕರೀತೈತಿ. ದೃಷ್ಟಿ ಅಂತ ತಿಳ್ಕೊಂಡ್ರ ಏನ್ ಗಂಟ ಹೋಗೂದೈತಿ? ಸುಮ್ನ ಇರ್ರಿ."

ಅವನು ಸುಮ್ಮನಿದ್ದ. ಖತೀಜಮ್ಮ ಸುಮ್ಮನಿರಲಿಲ್ಲ.

ಶನಿವಾರ ಮೇಲಿನ ಮಹಡಿಯ ರೋಕ್ ಬಂದರು. ಕಾರ್ಕಳದ ಕಡೆಯವರು, ಒಂದು ಕಂಪನಿಯಲ್ಲಿ ಅರಬ್ಬಿ ಕಾಗದಪತ್ರ ನೋಡಿಕೊಳ್ಳುವವರು. "ಎಂತ ಬಾಳಾಸಾಹೇಬ್ರೆ, ನಮಗೊಂದು ಮಾತು ಹೇಳ್ಬಾರ್ದಾ? ಆರು ವರ್ಷದಿಂದ ನನ್ನ ಪ್ರಮೋಶನ್ ನಿಂತಿದೆ. ಆಫೀಸಿನಲ್ಲಿ ಒಬ್ಬನ ಕಣ್ಣು ನನಗೆ ಮೊದಲಿಂದ ಸರಿ ಕಾಣ್ಲಿಲ್ಲ" ಅಂದರು. ಭಾನುವಾರ ಅವರ ಹೆಂಡತಿ ಕ್ಯಾಥರಿನ್ ಬಂದರು. ಆಸ್ಪತ್ರೆಯಲ್ಲಿ ನರ್ಸು. "ನಾನು ಇದನ್ನೆಲ್ಲ ನಂಬುದಿಲ್ಲ" ಎಂದು ಮೊದಲೇ ಹೇಳಿ, ತಲೆನೋವಿಗೆ ಎಷ್ಟು ಹೊತ್ತಿಗೆ ಬಂದರೆ ಒಳ್ಳೆಯದು ಎಂದು ಕೇಳಿದರು. ಸೋಮವಾರ ಕಟ್ಟಡದ ಕಾವಲುಗಾರ ಮುತ್ತಲಿಬ್ ಬಂದು, ಭಾಯಿ, ಲಿಫ್ಟಿಗೆ ಒಂದು ಸಲ ಹೊಯ್ದುಬಿಡು, ತಿಂಗಳಿಗೆ ಮೂರು ಸಲ ಕೆಡುತ್ತಿದೆ ಅಂದ. ಬಾಳಾಸಾಹೇಬ ಎಲ್ಲರಿಗೂ ಕೈಮುಗಿದು, ತನ್ನಲ್ಲಿ ಏನೂ ಇಲ್ಲ ಎಂದು ಹೇಳಿದ. ನಿಜವಾಗಿ ಶಕ್ತಿ ಇದ್ದವರು ಹಾಗೇ ಹೇಳುವುದು ಎಂದು ಕಟ್ಟಡ ತೀರ್ಮಾನಿಸಿತು. ಲಿಫ್ಟಿನ ಎದುರು ಯಾರೋ ನಿಂಬೆಹಣ್ಣು ಇಟ್ಟರು. ಅಂದಿನಿಂದ ಲಿಫ್ಟು ಕೆಡಲಿಲ್ಲ.

ಈ ಗದ್ದಲದ ನಡುವೆಯೇ ನಾಲ್ಕು ಗುಂಡು ತಯಾರಾದವು. ಈ ಸಲ ಕೂದಲೆಳೆಯೂ ಹೆಚ್ಚಿಲ್ಲ. ನಾಲ್ಕನ್ನೂ ಕೊಳವೆಯ ಬಾಯಿಗೆ ಇಟ್ಟು ನೋಡಿದ, ಸರಿಯಾಗಿ ಕೂತವು. ದೇವರ ಮಾಡದಲ್ಲಿ ಸಾಲಾಗಿ ನಿಲ್ಲಿಸಿ ಮುದುಕರಿಗೆ ಫೋನ್ ಮಾಡಿದ. ಅವರು, ಗುರುವಾರ ಕ್ಲಬ್ಬಿಗೆ ಹೋಗೋಣ ಅಂದರು.

ಬುಧವಾರ ಪೊಲೀಸರು ಬಂದರು. ಈ ಕಟ್ಟಡದಲ್ಲಿ ಯಾರೋ ಮಾಟ ಮಾಡುತ್ತಿದ್ದಾರೆ ಎಂದು ದೂರು ಹೋಗಿತ್ತು. ಆ ನಾಡಿನಲ್ಲಿ ಅದು ಸಣ್ಣ ಆರೋಪವಲ್ಲ. ಒಬ್ಬ ಅಧಿಕಾರಿ ಸೋಫಾದ ಮೇಲೆ ಕೂತು ಸೂರಿಗೆ ಅಂಟಿದ ಸೀಸವನ್ನೂ, ಮಾಡದಲ್ಲಿ ಕುಂಕುಮ ಹಚ್ಚಿಕೊಂಡು ನಿಂತ ನಾಲ್ಕು ಗುಂಡುಗಳನ್ನೂ ನೋಡಿದ. ಅವು ಏನೆಂದು ಅವನಿಗೆ ತಿಳಿಯಲಿಲ್ಲ; ಯಾವುದೋ ದೇವರಿರಬೇಕು ಎಂದುಕೊಂಡ. ಅರಬ್ಬಿ ಗೊತ್ತಿದ್ದ ರೋಕ್ ಅವರನ್ನು ಮೇಲಿನಿಂದ ಕರೆಸಿದರು.

"ನೀನು ಮಾಟಗಾರನಾ ಅಂತ ಕೇಳ್ತಿದ್ದಾರೆ" ಅಂದರು ರೋಕ್.

ಬಾಳಾಸಾಹೇಬ ಐದು ದಿನದಿಂದ ತಡೆದುಕೊಂಡಿದ್ದ ನಿಜ ಒಮ್ಮೆಲೇ ಹೊರಬಂತು. "ಇಲ್ರೀ ಸಾಹೇಬ್ರ, ದೇವರಾಣಿ ನಾ ಮಾಟಗಾರ ಅಲ್ಲ. ನಾ ಬರೇ ಬಂದೂಕಿನ ಗುಂಡು ಮಾಡಾಕತ್ತೇನ್ರೀ."

ರೋಕ್ ಅವನನ್ನೇ ನೋಡಿದರು. "ಇದನ್ನು ನಾನು ಅರಬ್ಬಿಯಲ್ಲಿ ಹೇಳ್ಬೇಕಾ?"

"ಹೇಳ್ರೀ."

"ಸರಿಯಾಗಿ ಯೋಚನೆ ಮಾಡಿ ಬಾಳಾಸಾಹೇಬ್ರೆ. ಮಾಟ ಅಂದ್ರೇ ಒಳ್ಳೇದಿತ್ತು."

"ಖರೇ ಅದನ್ನ ಹೇಳ್ರೀ."

ರೋಕ್ ಹೇಳಿದರು. ಕೂತಿದ್ದ ಅಧಿಕಾರಿ ಎದ್ದುನಿಂತ. ಬಾಗಿಲಲ್ಲಿದ್ದವನು ಒಳಗೆ ಬಂದ. ಖತೀಜಮ್ಮನ ಬಾಗಿಲು, ಅಷ್ಟು ಹೊತ್ತು ಅರ್ಧ ತೆರೆದಿದ್ದದ್ದು, ಮೆಲ್ಲಗೆ ಮುಚ್ಚಿಕೊಂಡಿತು.

ಸಾಲೆಂ ಲೈಸೆನ್ಸು, ಕ್ಲಬ್ಬಿನ ಅನುಮತಿ ಎಲ್ಲವನ್ನೂ ಹಿಡಿದುಕೊಂಡು ಸ್ಟೇಷನ್ನಿಗೆ ಬಂದು ಬಾಳಾಸಾಹೇಬನನ್ನು ಸಂಜೆಯೊಳಗೆ ಬಿಡಿಸಿದ. ಆದರೆ ಗುಂಡುಗಳನ್ನು ಪರೀಕ್ಷೆಗೆ ಕಳಿಸಿಯಾಗಿತ್ತು. ಅವು ಬರುವವರೆಗೆ ಕಾಯಬೇಕು, ಅಲ್ಲಿಯವರೆಗೆ ಮನೆಯಲ್ಲಿ ಸೀಸ ಕಾಯಿಸುವ ಹಾಗಿಲ್ಲ. ಗುರುವಾರ ಕಳೆಯಿತು. ಮುದುಕರು ದಿನಾ ಬೆಳಿಗ್ಗೆ ಮನೆಯಿಂದ ಹೊರಡುವ ಮೊದಲೇ ಫೋನ್ ಮಾಡಿ, "ಬಾಲಾ, ಬಂತಾ?" ಎನ್ನುತ್ತಿದ್ದರು. ಇವನು, "ನಾಳೆ ಬರ್ತದೆ ಬಾಬಾ" ಎನ್ನುತ್ತಿದ್ದ. ಹೀಗೆ ಎಂಟು ದಿನ. ಒಂಬತ್ತನೇ ದಿನ ಫೋನ್ ಬರಲಿಲ್ಲ. ಬೆಳಗಿನ ನಮಾಜಿಗೆ ಏಳುವಾಗ ಮುದುಕರು ಮಂಚದ ಪಕ್ಕ ಬಿದ್ದಿದ್ದರು. ಲಕ್ವ ಹೊಡೆದಿತ್ತು.

ಬಾಳಾಸಾಹೇಬ ಆ ದಿನ ವರ್ಕ್‌ಶಾಪಿನಲ್ಲಿ ಒಂದೇ ನಟ್ಟನ್ನು ಹಾಕಿ ಬಿಚ್ಚಿ ಹಾಕಿ ಬಿಚ್ಚಿ ಕೂತಿದ್ದ. ಅವನಿಗೆ ಅಳು ಬಂತು. ಯಾರೂ ಕೇಳಲಿಲ್ಲ, ಅವನೂ ಒರೆಸಿಕೊಳ್ಳಲಿಲ್ಲ.

ಹದಿಮೂರನೇ ದಿನ ಆ ಅಧಿಕಾರಿಯೇ ಗುಂಡುಗಳನ್ನು ವಾಪಸು ಕೊಟ್ಟ. ಸಹಿ ಹಾಕಿಸಿಕೊಂಡು, ಅಕ್ಕಪಕ್ಕ ನೋಡಿ, ತಗ್ಗಿದ ದನಿಯಲ್ಲಿ ತನ್ನ ತಾಯಿಯ ಮೊಣಕಾಲು ನೋವಿನ ಬಗ್ಗೆ ಕೇಳಿದ. ನಗು ಬರುವ ಸ್ಥಿತಿಯಲ್ಲಿ ಬಾಳಾಸಾಹೇಬ ಇರಲಿಲ್ಲ. ಗುಂಡುಗಳನ್ನು ಎದೆಗವಚಿಕೊಂಡು ಓಡಿದ.

ಆಸ್ಪತ್ರೆಯವರು ಕೈಚೆಲ್ಲಿ ಮುದುಕರನ್ನು ಮನೆಗೆ ಕಳಿಸಿದ್ದರು. ಕಣ್ಣು ಮುಚ್ಚಿಯೇ ಇತ್ತು. ಅವರನ್ನು ಕ್ಲಬ್ಬಿಗೆ ಒಯ್ಯುವಂತಿರಲಿಲ್ಲ, ಬಂದೂಕನ್ನು ಮನೆಯಲ್ಲಿ ಹಾರಿಸುವಂತಿರಲಿಲ್ಲ. ಸಾಲೆಂ ಒಂದು ಉಪಾಯ ಮಾಡಿದ. ಅಂದು ಮಧ್ಯಾಹ್ನವೇ ಬಾಳಾಸಾಹೇಬನ ಜೊತೆ ಕ್ಲಬ್ಬಿಗೆ ಹೋಗಿ, ಮೇಸ್ತ್ರಿಯಿಂದ ಎರಡು ತೋಟಾ ಕಟ್ಟಿಸಿ, ತಾನೇ ಹಾರಿಸಿ, ಸದ್ದನ್ನು ಮೊಬೈಲಿನಲ್ಲಿ ಹಿಡಿದ. ಆ ಸದ್ದು ಬಾಳಾಸಾಹೇಬನ ಪಕ್ಕೆಲುಬಿಗೆ ಬಂದು ಗುದ್ದಿತು. ಬಿಳಿ ಹೊಗೆಯಲ್ಲಿ ಸಾಲೆಂ ಬಂದೂಕು ಹಿಡಿದು ನಿಂತೇ ಇದ್ದ.

ಮನೆಗೆ ಬಂದು ಅಪ್ಪನ ಕಿವಿಯ ಬಳಿ ಮೊಬೈಲು ಹಿಡಿದ. ಪಕ್ಕದ ಮನೆಯಲ್ಲಿ ತಟ್ಟೆ ಬಿದ್ದ ಹಾಗೆ ಕೇಳಿಸಿತು. ಇನ್ನೊಮ್ಮೆ ಹಾಕಿದ, ಮತ್ತೊಮ್ಮೆ ಹಾಕಿದ. ಮುದುಕರ ರೆಪ್ಪೆ ಅಲುಗಲಿಲ್ಲ. ಸಾಲೆಂ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ನಿಂತ.

ಆಗ ಮಗಳು ನೂರಾ ಬಾಳಾಸಾಹೇಬನನ್ನು ಹೊರಗೆ ಕರೆದಳು. ಐವತ್ತು ದಾಟಿದ ಹೆಂಗಸು, ಅತ್ತು ಅತ್ತು ಮುಖ ಊದಿತ್ತು. ಅಪ್ಪನಿಂದ ಕಲಿತ ಹಿಂದಿ ಅವಳಿಗೂ ಬರುತ್ತಿತ್ತು. "ನಿನ್ನ ಮನೆಗೆ ಪೊಲೀಸರು ಬಂದದ್ದು ಸೀಸ ಹೊಯ್ದದ್ದಕ್ಕೆ ತಾನೇ? ನಿನ್ನ ಕೈಯಲ್ಲಿ ಗುಣವಿದೆಯಂತೆ. ನಮ್ಮ ಅಜ್ಜಿಯೂ ಹೊಯ್ಸುತ್ತಿದ್ದಳು. ಇದು ಕೂಡದು ಅಂತ ಸಾಲೆಂ ಬೈಯುತ್ತಾನೆ, ಬೈಯಲಿ. ನೀನು ಹೊಯ್ಯಿ."

ಬಾಳಾಸಾಹೇಬ ಎಲ್ಲವನ್ನೂ ಹೇಳಿಬಿಟ್ಟ. ಬಿಕ್ಕಳಿಕೆ ನಿಂತದ್ದು ಹೆದರಿಕೆಗೆ. ಅಜ್ಜ ಎರೆದದ್ದು ಪಂಪಿನ ಹೊಟ್ಟೆ. ಮಹಾರಾಜರನ್ನು ಅವನು ದೂರದಿಂದಲೂ ನೋಡಿದವನಲ್ಲ. "ನಾನು ಬಾಯಿಬಡುಕ, ಬೀಬಿ. ನನ್ನಲ್ಲಿ ಏನೂ ಇಲ್ಲ. ಆ ಸುಳ್ಳು ಹೇಳದಿದ್ದರೆ ಬೇರೆ ಯಾರಾದರೂ ಈ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದರು."

"ನಿನ್ನ ಅಜ್ಜ ನನಗೆ ಬೇಡ" ಅಂದಳು ನೂರಾ. "ನನಗೆ ಮಾಡಲು ಬೇರೇನೂ ಉಳಿದಿಲ್ಲ. ಹೊಯ್ಯಿ."

ಅವನು ಅವಳ ಮುಖ ನೋಡಿದ. ಆಮೇಲೆ ಮುದುಕರ ಕೋಣೆಯ ಬಾಗಿಲು ನೋಡಿದ. ಅದು ಅಂಗಳಕ್ಕೆ ತೆರೆಯುವ ಬಾಗಿಲು, ತೇಗದ್ದು, ಗಟ್ಟಿಯಾದದ್ದು. ಅಗುಳಿ ಹಾಕಿ ಕಿವಿಗೊಟ್ಟು ಕೂತ ತಾಯಿ ಮಗನ ನೆನಪಾಗಿ, "ಆಗಲಿ. ಆದರೆ ಎಲ್ಲರೂ ಹೊಯ್ಯುವ ಹಾಗೆ ತಲೆಯ ಮೇಲೆ ಹಿಡಿದು ಅಲ್ಲ, ಹೊರಗೆ ಅಂಗಳದಲ್ಲಿ. ನೀವೆಲ್ಲ ಒಳಗಿರಿ, ಬಾಗಿಲು ಹಾಕಿಕೊಳ್ಳಿ" ಅಂದ.

ಅಡುಗೆಮನೆಯ ಒಲೆಯ ಮೇಲೆ ಉಳಿದ ಎರಡು ಗುಂಡುಗಳನ್ನು ಉದ್ದ ಹಿಡಿಯ ಕಬ್ಬಿಣದ ಸೌಟಿನಲ್ಲಿಟ್ಟ. ಅಷ್ಟು ಕಷ್ಟಪಟ್ಟು ಅಳತೆಗೆ ತಂದವು ಕ್ಷಣದಲ್ಲಿ ಕುಸಿದು ನೀರಾದವು. ಸಾಕಾಗಲಿಕ್ಕಿಲ್ಲ ಎನಿಸಿತು. ತನ್ನ ವಾಹನದಲ್ಲಿ ಉಳಿದಿದ್ದ ಟೈರಿನ ಸೀಸವನ್ನೂ ತಂದು ಸೇರಿಸಿದ. ಕಿರಿದಾದ ಬಾಯಿಯ ತಾಮ್ರದ ಹಂಡೆಯೊಂದನ್ನು ಅಂಗಳದ ನಡುವೆ ಇಟ್ಟು, ತಳದಲ್ಲಿ ಎರಡು ಬೊಗಸೆ ನೀರು ಹಾಕಿದ. ದೃಷ್ಟಿ ತೆಗೆಯುವವರು ಸೀಸವನ್ನು ತೆಳ್ಳಗೆ, ನಿಧಾನಕ್ಕೆ ಹೊಯ್ಯುತ್ತಾರೆ. ಬಾಳಾಸಾಹೇಬ ಕೈ ಉದ್ದ ಮಾಡಿ, ಮುಖ ತಿರುಗಿಸಿ, ಯಾವ ಫೌಂಡ್ರಿಯವನೂ ಮಾಡಬಾರದ ಹಾಗೆ ಒಮ್ಮೆಲೇ ಸುರಿದ.

ಹಂಡೆ ನೆಲಬಿಟ್ಟು ಹಾರಿತು. ಸದ್ದು ನಾಲ್ಕೂ ಗೋಡೆಗೆ ಬಡಿದು, ಪಾರಿವಾಳಗಳನ್ನೆಲ್ಲ ಎಬ್ಬಿಸಿ, ಬೀದಿಯ ಕಾರೊಂದನ್ನು ಕೂಗಿಸಿತು. ಅವನ ಮುಂಗೈ ಸುಟ್ಟಿತು. ಬಿಳಿ ಹಬೆ ಅಂಗಳದ ತುಂಬ ಕವಿಯಿತು. ಕಿವಿ ಗುಂಯ್‌ಗುಟ್ಟುತ್ತಿದ್ದುದರಿಂದ ಒಳಗಿನ ದನಿ ಅವನಿಗೆ ಮೊದಲ ಸಲ ಕೇಳಿಸಲಿಲ್ಲ.

"ಯುಮ್ಮಾ," ಎನ್ನುತ್ತಿತ್ತು ಆ ದನಿ. ಅಮ್ಮಾ ಎಂದು. ಮಾತು ತೊದಲುತ್ತಿತ್ತು, ಆದರೆ ಅವಸರವಿತ್ತು. "ಯುಮ್ಮಾ, ಬಾಗಿಲು ತೆಗಿ."

ನೂರಾಗೆ ಏನೊಂದೂ ಅರ್ಥವಾಗಲಿಲ್ಲ. ಅಪ್ಪ ಹೇಳಿದರೆಂದು ಎದ್ದುಬಂದು ಬಾಗಿಲು ತೆಗೆದಳು. ಹೊರಗೆ ಬೆಳಕು, ಹಬೆ. ಅದರ ನಡುವೆ ಒಬ್ಬ ಗಂಡಸು, ಕೈಯಲ್ಲಿ ಉದ್ದನೆಯ ಕಬ್ಬಿಣ. ಮುದುಕರ ಕಣ್ಣು ತೆರೆದಿತ್ತು. ಆ ಕಣ್ಣು ಬಾಳಾಸಾಹೇಬನನ್ನು ತಲೆಯಿಂದ ಪಾದದವರೆಗೆ ನೋಡಿತು.

"ಎಷ್ಟು ತಡ ಮಾಡಿದೆ, ಯುಬಾ" ಅಂದರು. ಅಪ್ಪಾ ಎಂದು.

ಸಾಲೆಂ, ನೂರಾ ಇಬ್ಬರೂ ಬಾಳಾಸಾಹೇಬನ ಕಡೆ ನೋಡಿದರು. ಮೂವತ್ತೊಂದು ವರ್ಷದಲ್ಲಿ ಅವನು ಕಲಿತ ಅರಬ್ಬಿಯೆಲ್ಲ ಪಂಪಿಗೂ ಪೈಪಿಗೂ ಸಂಬಂಧಿಸಿದ್ದು. ಅದರಲ್ಲೇ ತಡಕಾಡಿ ನಾಲ್ಕು ಶಬ್ದ ಜೋಡಿಸಿದ.

"ದಾರಿ ದೂರ ಇತ್ತು, ಮಗಾ. ಈಗ ಬಂದೆ."

ಸೌಟನ್ನು ಹೊಸ್ತಿಲ ಹೊರಗೆ ಇಟ್ಟು, ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಂಚದ ಅಂಚಿಗೆ ಕೂತ. ಮುದುಕರು ಅವನ ಸುಟ್ಟ ಕೈಯನ್ನೇ ಹಿಡಿದುಕೊಂಡರು. ಉರಿಯುತ್ತಿತ್ತು, ಅವನು ಬಿಡಿಸಿಕೊಳ್ಳಲಿಲ್ಲ. ಹೊತ್ತು ಮುಳುಗುವ ಮೊದಲು ಆ ಹಿಡಿತ ತಾನಾಗಿ ಸಡಿಲವಾಯಿತು.